ನಾಟಿಗೆ ಮುಂಚೆ ಹತ್ತು ದಿನ ಸುಮ್ನಿರಿ

ಹೋದ ತಿಂಗಳು ತಮ್ಮನ ಮಗ ಫೋನ್ ಮಾಡಿದ್ದ. "ಅತ್ತೆ, ಟೊಮೆಟೊ ಪೈರು ಬಂತು, ನಾಳೆನೇ ನಾಟಿ. ಕಳೆ ಬಂದ್ರೆ ಆಮೇಲೆ ಆಳು ಕರೆಸ್ತೀನಿ ಬಿಡಿ" ಅಂದ. ಸಾಲಿಗೆ ನೀರು ಬಿಟ್ಟು ಎಷ್ಟು ದಿನ ಆಯ್ತಪ್ಪಾ ಅಂತ ಕೇಳಿದೆ. ಇನ್ನೂ ಬಿಟ್ಟೇ ಇಲ್ಲವಂತೆ. ಈ ಸಲ ಇವನು ಟೊಮೆಟೊ ಜೊತೆ ಕಳೆಯನ್ನೂ ನಾಟಿ ಮಾಡುತ್ತಾನೆ ಅಂತ ಅಲ್ಲೇ ಗೊತ್ತಾಯಿತು.

ಚಿಕ್ಕಬಳ್ಳಾಪುರದ ಕಡೆ ಮುಕ್ಕಾಲು ಎಕರೆಯಲ್ಲಿ 40 ವರ್ಷದಿಂದ ತರಕಾರಿ ಬೆಳೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಕಳೆ ಕೆಲಸದ ಅರ್ಧ ನಾಟಿಗೆ ಮುಂಚೆಯೇ ಮುಗಿಯಬೇಕು. ಭೂಮಿ ಹದ ಮಾಡಿ, ಗೊಬ್ಬರ ಸೇರಿಸಿ, ಸಾಲು ಎಳೆದು, ಅಲ್ಲಿ ಬೆಳೆ ಇದೆಯೇನೋ ಅನ್ನುವ ಹಾಗೆ ನೀರು ಕೊಡಿ. ಆಮೇಲೆ 10–12 ದಿನ ಸುಮ್ನಿರಿ. ಮೇಲಿನ ಒಂದೆರಡು ಇಂಚಿನಲ್ಲಿ ಮಲಗಿದ್ದ ಬೀಜ ಹಸಿರು ಪುಡಿ ಚೆಲ್ಲಿದ ಹಾಗೆ ಎದ್ದು ಬರುತ್ತದೆ. ಕುಕ್ಕರಗಾಲಲ್ಲಿ ಕೂತು ಒಂದನ್ನು ಕಿತ್ತು ನೋಡಿ. ಎರಡೇ ಎಲೆ, ಕೆಳಗೆ ಬಿಳಿ ದಾರದಂಥ ಬೇರು. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ, ಕಳೆಯ ಸಿರಿಯನ್ನೂ ಅಲ್ಲೇ ಮುಗಿಸಬೇಕು.

ಬಿಸಿಲೇರಿದ ಮೇಲೆ ಕುರ್ಪಿಯನ್ನು ಮಲಗಿಸಿ ಹಿಡಿದು ಮೇಲ್ಮಣ್ಣನ್ನು ಸುಮ್ನೆ ಕೆರೆಯಿರಿ. ಅರ್ಧ ಇಂಚು ಸಾಕು. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಬಾಡಿ ಕಪ್ಪಗಾಗಿರುತ್ತದೆ. ಇಲ್ಲಿ ಜಾಸ್ತಿ ಜನ ತಪ್ಪು ಮಾಡುತ್ತಾರೆ. ಚೆನ್ನಾಗಿ ಆಗಲಿ ಅಂತ ಗುದ್ದಲಿ ತೆಗೆದುಕೊಂಡು ಅಗೆದುಬಿಡುತ್ತಾರೆ. ಅಗೆದರೆ ಕೆಳಗಿದ್ದ ಹೊಸ ಬೀಜ ಮೇಲೆ ಬಂದು ಕೂರುತ್ತದೆ, ಪಟ್ಟ ಪಾಡೆಲ್ಲ ದಂಡ. ಕೆರೆದ ಮಾರನೇ ದಿನ ಗುಣಿಯಷ್ಟು ಜಾಗ ಮಾತ್ರ ಬಿಡಿಸಿ ಪೈರು ನೆಡಿ. ಕ್ಯಾರೆಟ್ಟಿಗೆ, ಈರುಳ್ಳಿಗೆ ನಾನು ಇದನ್ನು ಎರಡು ಸಲ ಮಾಡುತ್ತೇನೆ. ಕ್ಯಾರೆಟ್ ಬೀಜ ಮೊಳೆಯುವುದೇ ನಿಧಾನ. ಅದು ಕೂದಲೆಳೆಯಷ್ಟು ಬರುವುದರಲ್ಲಿ ಕಳೆ ಕೊಡೆ ಹಿಡಿದಿರುತ್ತದೆ. ಆಮೇಲೆ ಕೀಳಲು ಹೋದರೆ ಎರಡೂ ಒಟ್ಟಿಗೆ ಕೈಗೆ ಬರುತ್ತವೆ.

ಈ ಉಪಾಯ ಬೀಜದ ಕಳೆಗೆ ಮಾತ್ರ. ಗಡ್ಡೆಯಿಂದ ಚಿಗುರುವ ಜೇಕು ಹುಲ್ಲಿಗೂ, ಗರಿಕೆಗೂ ಇದು ಲೆಕ್ಕಕ್ಕಿಲ್ಲ. ಜೇಕನ್ನು ಎಳೆದರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ನಗುತ್ತಿರುತ್ತದೆ. ಮೆಲ್ಲಗೆ ಅಗೆದು ನೋಡಿ, ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾರ ಹೋಗಿ ಮಣಿಸರದ ಹಾಗೆ ಇರುತ್ತದೆ. ಮಲ್ಚಿಂಗ್ ಶೀಟ್ ಹಾಸಿದರೂ ಅದನ್ನು ಸೂಜಿಯ ಹಾಗೆ ತೂತು ಮಾಡಿಕೊಂಡು ಮೇಲೆ ಬರುವ ಜಾತಿ ಅದು. ಅದಕ್ಕೆ ಮದ್ದು ಏಪ್ರಿಲ್ ಬಿಸಿಲು. ಒಣ ಭೂಮಿಯನ್ನು ನೇಗಿಲಿನಿಂದ ಆಳಕ್ಕೆ ಉಳುಮೆ ಮಾಡಿಸಿ, ಹೆಂಟೆ ಹೆಂಟೆಯಾಗಿಯೇ ಬಿಡಿ. ಗಡ್ಡೆ ಒಣಗಿ ಸಾಯುತ್ತದೆ. ಸಿಕ್ಕಷ್ಟನ್ನು ಬಕೆಟ್ಟಿಗೆ ಆರಿಸಿ ಹಾಕಿ. ರೋಟವೇಟರ್ ಮಾತ್ರ ಜೇಕು, ಗರಿಕೆ ಇರುವ ಕಡೆ ಬೇಡ. ಒಂದನ್ನು ಹತ್ತು ತುಂಡು ಮಾಡಿ ಹೊಲದ ತುಂಬಾ ಹಂಚಿ ಹೋಗುತ್ತದೆ. ಅಂದ ಹಾಗೆ, ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ದುಡ್ಡು ಕೊಟ್ಟು ತರುವುದು ಈ ಜೇಕಿನ ಗಡ್ಡೆಯನ್ನೇ! ಒಣಗಿಸಿ ಸ್ನಾನದ ಪುಡಿಗೆ ಹಾಕಿದರೆ ಘಮ ಅನ್ನುತ್ತದೆ.

ಪೈರು ಬೆಳೆಸುವ ಒಟ್ಲು ಪಾತಿ ಚಿಕ್ಕದಾದ್ದರಿಂದ ಅದಕ್ಕೆ ಬೇರೆ ದಾರಿ ಇದೆ. ಏಪ್ರಿಲ್–ಮೇನಲ್ಲಿ ಪಾತಿಗೆ ನೀರು ಹಾಕಿ, ಆಚೆ ಕಾಣುವಂಥ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ, ಒಳಗಿನ ಕಾವಿಗೆ ಕಳೆ ಬೀಜ ಸಾಯುತ್ತದೆ. ಕಪ್ಪು ಹಾಳೆ ಬೇಡ, ಅದರಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ.

ಗೊಬ್ಬರದ ಮೇಲೂ ಒಂದು ಕಣ್ಣಿರಲಿ. ಹಸಿ ಸಗಣಿ ಹಾಕಿದರೆ ದನ ತಿಂದ ಹುಲ್ಲಿನ ಬೀಜವನ್ನು ನಾವೇ ಬಿತ್ತಿದ ಹಾಗೆ. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ಮಂದೆ ಹಾಕಿಸಿದ ವರ್ಷ ನಮ್ಮ ಹೊಲದ ತುಂಬಾ ಬಳ್ಳಾರಿ ಜಾಲಿ ಎದ್ದಿತ್ತು. ತಿಪ್ಪೆಯಲ್ಲಿ ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬಂದ ಮೇಲೇ ಗೊಬ್ಬರ ಹೊರಬೇಕು.

ಇನ್ನು ನೆಟ್ಟ ಮೇಲೆ. ಮೊದಲ ಒಂದೂವರೆ ತಿಂಗಳು ಕಣ್ಣು ತಪ್ಪಬಾರದು. ಟೊಮೆಟೊ, ಬದನೆಗೆ ನೆಟ್ಟ 15–20ನೇ ದಿನಕ್ಕೆ ಒಂದು ಸಲ ಕೆರೆಯಿರಿ, 35–40ನೇ ದಿನಕ್ಕೆ ಇನ್ನೊಂದು ಸಲ ಕೆರೆದು ಬುಡಕ್ಕೆ ಮಣ್ಣು ಏರಿಸಿ. ಆಮೇಲೆ ಗಿಡದ ನೆರಳೇ ಕಳೆಯನ್ನು ನೋಡಿಕೊಳ್ಳುತ್ತದೆ. ಈರುಳ್ಳಿಗೆ ಆ ಭಾಗ್ಯ ಇಲ್ಲ. ಅದರ ಎಲೆ ನೆಟ್ಟಗೆ ನಿಲ್ಲುತ್ತದೆ, ನೆರಳೇ ಬೀಳುವುದಿಲ್ಲ. ಗಡ್ಡೆ ಕಟ್ಟುವವರೆಗೂ ಕೈಯಲ್ಲೇ ಕೀಳಬೇಕು. ಬೀನ್ಸ್ ಹೂ ಬಿಟ್ಟ ಮೇಲೆ ಬುಡ ಕೆದಕಬೇಡಿ, ಹೂ ಉದುರುತ್ತದೆ. ಸಾಲು ಅಗಲವಿದ್ದರೆ ನಡುವೆ ಎತ್ತು ಕಟ್ಟಿ ಕಳೆ ಕೆರೆಯುವ ಎಡೆಕುಂಟೆ ಹೊಡೆಯಬಹುದು, ಅದೂ ಗಿಡ ಚಿಕ್ಕದಿದ್ದಾಗಲೇ.

ಕಿತ್ತ ಕಳೆಯನ್ನು ಸಾಲಿನಲ್ಲೇ ಬಿಡುವುದು ಬಿಸಿಲಿದ್ದರೆ ಮಾತ್ರ. ಮಳೆ ಹಿಡಿದಾಗ ಗೋಣಿ ಸೊಪ್ಪನ್ನು ಅಲ್ಲೇ ಎಸೆದು ನೋಡಿ, ಮೂರು ದಿನಕ್ಕೆ ಮತ್ತೆ ಬೇರು ಕೊಟ್ಟಿರುತ್ತದೆ. ಸಾಲಿನ ನಡುವೆ ಹೊದಿಕೆ ಹಾಸಿದರೆ ಅರ್ಧ ಕೆಲಸ ಉಳಿಯುತ್ತದೆ. ನಮ್ಮಲ್ಲಿ ರಾಗಿ ಹುಲ್ಲು ದನಕ್ಕೇ ಸಾಲದು, ಹಾಗಾಗಿ ಹೊಂಗೆ ಎಲೆ, ತೆಂಗಿನ ಗರಿ, ಕಬ್ಬಿನ ತರಗು. ನಾಲ್ಕು ಇಂಚು ದಪ್ಪ ಇರಲಿ, ಗಿಡದ ಬುಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ.

ಕಳೆ ಔಷಧಿ ಬಗ್ಗೆ ಕೇಳುತ್ತೀರಿ, ಅಲ್ವಾ? ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಜೋಳಕ್ಕೆ 2,4-ಡಿ ಅನ್ನುವ ಕಳೆ ಔಷಧಿ ಹೊಡೆದ ಟ್ಯಾಂಕನ್ನು ಬರೀ ನೀರಲ್ಲಿ ಅಲ್ಲಾಡಿಸಿ, ಅದರಲ್ಲೇ ಟೊಮೆಟೊಗೆ ಹುಳದ ಔಷಧಿ ಹೊಡೆಸಿದೆ. ವಾರ ತುಂಬುವುದರಲ್ಲಿ ಸುಳಿ ಎಲೆಗಳೆಲ್ಲ ಹಗ್ಗ ಹೊಸೆದ ಹಾಗೆ ತಿರುಚಿಕೊಂಡವು. ನಂಜುರೋಗ ಅಂದುಕೊಂಡು ಅದಕ್ಕೂ ಒಂದಿಷ್ಟು ದುಡ್ಡು ಸುರಿದೆ. ಹೊಡೆಯಲೇಬೇಕಾದರೆ ಅದಕ್ಕೆ ಬೇರೆ ಟ್ಯಾಂಕೇ ಇಡಿ, ಗಾಳಿ ಇರುವಾಗ ಪಕ್ಕದ ಹೊಲದಲ್ಲಿಯೂ ಹೊಡೆಯಲು ಬಿಡಬೇಡಿ.

ಬದುವಿನ ಕಾಂಗ್ರೆಸ್ ಗಿಡವನ್ನು ಬಿಳಿ ಹೂ ಕಾಣುವ ಮುಂಚೆಯೇ ಕೀಳಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈ ಬೇಡ, ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ. ಅದರ ಎಲೆ ಮೇಲೆ ಗೀರು ಗೀರಿನ ಚಿಕ್ಕ ದುಂಬಿ ಕಂಡರೆ ದುಂಬಿಯನ್ನು ಕೊಲ್ಲದೆ ಬಿಟ್ಟುಬಿಡಿ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ದುಂಬಿ ಅದು, ಕಾಂಗ್ರೆಸ್ ಎಲೆಯನ್ನು ಜರಡಿ ಮಾಡುತ್ತದೆ.

ಕಿತ್ತದ್ದನ್ನೆಲ್ಲ ತಿಪ್ಪೆಗೆ ಹಾಕುವ ಮುಂಚೆ ಒಮ್ಮೆ ಕೈಯಾಡಿಸಿ. ಎಳೇ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ ಸಿಕ್ಕರೆ ಮಡಿಲಿಗೆ ಹಾಕಿಕೊಳ್ಳಿ. ತೊಗರಿಬೇಳೆ ಜೊತೆ ಬೇಯಿಸಿ ಮಸೆದರೆ ರಾತ್ರಿ ಮುದ್ದೆಗೆ ಬೆರಕೆ ಸೊಪ್ಪಿನ ಸಾರು. ಔಷಧಿ ಬಿದ್ದ ಹೊಲದ್ದು ಮಾತ್ರ ಬೇಡ.