ನಿಮ್ಮೂರ ಅಂಗನವಾಡಿ ಶುರುವಾದದ್ದು ಯಾವಾಗ? ಹುಡುಕುವ ಬಗೆ

ಗೋಡೆಗೆ ಕೂರಿಸಿದ ಉದ್ಘಾಟನೆಯ ಕಲ್ಲಿನಲ್ಲಿರುವ ಇಸವಿಯನ್ನೇ ಅಂಗನವಾಡಿ ಹುಟ್ಟಿದ ಇಸವಿ ಎಂದು ಬರೆದುಬಿಡುವುದು ಊರ ಚರಿತ್ರೆ ಬರೆಯುವವರ ಮೊದಲ ತಪ್ಪು. ಆ ಕಲ್ಲು ಕಟ್ಟಡದ್ದು. ಅದಕ್ಕೂ ಎಷ್ಟೋ ವರ್ಷ ಮುಂಚೆ ಮಕ್ಕಳು ದೇವಸ್ಥಾನದ ಜಗಲಿಯಲ್ಲೋ, ಯಾರದೋ ಬಾಡಿಗೆ ಕೋಣೆಯಲ್ಲೋ ಕೂತಿರಬಹುದು. ಕೇಂದ್ರ ಮಂಜೂರಾದದ್ದು, ಮಕ್ಕಳು ಬರತೊಡಗಿದ್ದು, ಸ್ವಂತ ಕಟ್ಟಡಕ್ಕೆ ಹೋದದ್ದು ಹೀಗೆ ಮೂರು ತಾರೀಖುಗಳಿರುತ್ತವೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದುಕೊಂಡೇ ಹೊರಡಿ.

ಒಂದು ಗಡಿ ನೆನಪಿರಲಿ. ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಉಳಿದ ತಾಲೂಕುಗಳಿಗೆ ಆಮೇಲೆ, ಹಂತ ಹಂತವಾಗಿ. ಹಾಗಾಗಿ ಹಿರಿಯರು ‘ಅರವತ್ತೈದರಲ್ಲೇ ಇತ್ತಲ್ಲ’ ಎಂದರೆ ಸುಳ್ಳು ಎನ್ನಬೇಡಿ. ಅದು ಮಹಿಳಾ ಸಮಾಜದ ಶಿಶುವಿಹಾರವೋ ಬಾಲವಾಡಿಯೋ ಆಗಿರುತ್ತದೆ. ಅದನ್ನು ಬೇರೆ ಪುಟದಲ್ಲಿ ಬರೆದುಕೊಳ್ಳಿ. ಅಂಗನವಾಡಿ ಎನ್ನುವ ಕಲ್ಪನೆಯೂ ಯೋಜನೆಗಿಂತ ಹಳೆಯದೇ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಶುರುಮಾಡಿದ ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್, ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು.

ಹುಡುಕಾಟವನ್ನು ಕಚೇರಿಯಿಂದಲ್ಲ, ನಿವೃತ್ತ ಕಾರ್ಯಕರ್ತೆಯ ಮನೆಯಿಂದ ಶುರುಮಾಡಿ. ಟ್ರಂಕಿನ ತಳದಲ್ಲಿ ಅವರ ನೇಮಕಾತಿ ಆದೇಶವಿದ್ದರೆ ಅರ್ಧ ಕೆಲಸ ಮುಗಿಯಿತು: ತಾರೀಖು, ಕೇಂದ್ರದ ಹೆಸರು, ಆದೇಶದ ಸಂಖ್ಯೆ ಮೂರೂ ಅದರಲ್ಲೇ ಸಿಗುತ್ತವೆ. ಆದೇಶ ಇಲ್ಲವಾದರೆ ‘ಯಾವ ಇಸವಿ?’ ಎಂದು ಕೇಳಬೇಡಿ. ‘1987ರ ಮಂಡಲ ಪಂಚಾಯಿತಿ ಚುನಾವಣೆಗೆ ಮುಂಚೆಯೋ ಆಮೇಲೋ, ಆಗ ನಿಮ್ಮ ದೊಡ್ಡ ಮಗ ಎಷ್ಟನೇ ಕ್ಲಾಸು?’ ಎಂದು ಕೇಳಿ.

ಮುಂದಿನದು ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕ. ಮೊದಲ ತಂಡದಲ್ಲಿದ್ದವರು ಯಾರೆಂದು ಗೊತ್ತಾದರೆ, ಅವರು ಒಂದನೇ ತರಗತಿಗೆ ಸೇರಿದ ವರ್ಷದಿಂದ ಹಿಂದಕ್ಕೆ ಎಣಿಸಿ. 1986ರ ಜೂನ್‌ನಲ್ಲಿ ಸೇರಿದ ಹುಡುಗಿ ಎರಡು ವರ್ಷ ಅಂಗನವಾಡಿಗೆ ಹೋಗಿದ್ದರೆ ಕೇಂದ್ರ 1984ಕ್ಕೆ ಇತ್ತು ಎಂದಾಯಿತು. ಆದರೆ ಜನ್ಮ ದಿನಾಂಕದಿಂದ ಎಣಿಸಬೇಡಿ. ಹಳೆಯ ಪುಸ್ತಕಗಳಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿರುತ್ತದೆ, ಮೇಷ್ಟ್ರ ಕೃಪೆ.

ಮಂಜೂರಾತಿ ಆದೇಶಕ್ಕೆ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನಮೂನೆ ‘ಎ’, 10 ರೂಪಾಯಿಯ ಪೋಸ್ಟಲ್ ಆರ್ಡರ್, ನಕಲಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ‘ಅಂಗನವಾಡಿಯ ಇತಿಹಾಸ ಕೊಡಿ’ ಎಂದು ಬರೆದರೆ ಅರ್ಜಿ ವಾಪಸ್ ಬರುತ್ತದೆ, ಏಕೆಂದರೆ ಇತಿಹಾಸ ಎಂಬ ಕಡತ ಯಾವ ಕಪಾಟಿನಲ್ಲೂ ಇರುವುದಿಲ್ಲ. ‘ಇಂಥ ಗ್ರಾಮದ 1ನೇ ಕೇಂದ್ರದ ಮಂಜೂರಾತಿ ಆದೇಶದ ದೃಢೀಕೃತ ನಕಲು’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಬಹುದು. ನಿಮ್ಮದು ಹೊಸ ತಾಲೂಕಾಗಿದ್ದರೆ ಹಳೆಯ ತಾಲೂಕಿನ ಕಚೇರಿಯಲ್ಲೂ ವಿಚಾರಿಸಿ. ಊರಲ್ಲಿ ಎರಡು ಕೇಂದ್ರಗಳಿದ್ದರೆ ಯಾವುದು ಯಾವುದರಿಂದ ಒಡೆದದ್ದು ಎಂದು ಕಾರ್ಯಕರ್ತೆಯಿಂದ ಖಚಿತ ಮಾಡಿಕೊಳ್ಳಿ. ಕೇಂದ್ರದ ಸಂಖ್ಯೆ ಬದಲಾಗಿದ್ದರೆ ಬೇರೆ ಕೇಂದ್ರದ ಕಾಗದ ಕೈಗೆ ಬರುತ್ತದೆ.

ಕೇಂದ್ರದಲ್ಲಿ ನೋಡಬೇಕಾದವು ಸಂದರ್ಶಕರ ಪುಸ್ತಕ, ಹಾಜರಿ ಮತ್ತು ದಾಸ್ತಾನು ಪುಸ್ತಕಗಳು. ಕೇಂದ್ರದ ದಾಖಲೆಗಳನ್ನು ಮೊಬೈಲಿನಲ್ಲೇ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಬಂದಿದೆ, ಹಳೆಯ ಪುಸ್ತಕಗಳು ರದ್ದಿಗೆ ಹೋಗುವ ಮುನ್ನ ಅನುಮತಿ ಪಡೆದು ಫೋಟೋ ತೆಗೆದುಕೊಳ್ಳಿ. ಮಕ್ಕಳ ಹೆಸರು, ತೂಕ ಬರೆದುಕೊಳ್ಳಬೇಡಿ, ಒಟ್ಟು ಸಂಖ್ಯೆ ಸಾಕು.

ಆದೇಶ 1983 ಎನ್ನುತ್ತದೆ, ಊರು 1984 ಎನ್ನುತ್ತದೆ ಎಂದುಕೊಳ್ಳಿ. ಸರಾಸರಿ ತೆಗೆಯಲು ಹೋಗಬೇಡಿ. ಎರಡನ್ನೂ ಅವುಗಳ ಕಾಲಂನಲ್ಲಿ ಬರೆದು, ಯಾವ ಕಾಗದದಿಂದ, ಯಾರ ಬಾಯಿಂದ ಬಂತೆಂದು ಪಕ್ಕದಲ್ಲಿ ನಮೂದಿಸಿ.