ಕಾರಣವಿಲ್ಲದ ಹೆಸರು ಪಟ್ಟಿಗಿಲ್ಲ

ನಮ್ಮ ಪುಸ್ತಕ ಬಳಗದ ಆನ್‌ಲೈನ್ ಸಭೆ ನಡೆಸುವ ಹೊಣೆ ನನ್ನ ಪಾಲಿಗೆ ಬಂದ ಹೊಸದರಲ್ಲಿ, ಪ್ರತಿ ಸಭೆಯ ಕೊನೆಗೆ ಚಾಟ್‌ನಲ್ಲಿ ಹೆಸರುಗಳ ಸುರಿಮಳೆಯಾಗುತ್ತಿತ್ತು. ಇದನ್ನು ಓದಲೇಬೇಕು, ಅದನ್ನು ನೋಡಲೇಬೇಕು. ಎಲ್ಲವನ್ನೂ ಶ್ರದ್ಧೆಯಿಂದ ಪಟ್ಟಿಗೆ ಸೇರಿಸುತ್ತಿದ್ದೆ. ಆರು ತಿಂಗಳು ಕಳೆದರೂ ಆ ಪಟ್ಟಿ ನೋಡಿ ಪುಸ್ತಕ ಕೈಗೆತ್ತಿಕೊಂಡವರು ಒಬ್ಬರೂ ಇರಲಿಲ್ಲ. ಅದು ನನ್ನನ್ನು ಬಹಳ ಕಾಡಿತು.

ಆಮೇಲೆ ಒಂದೇ ನಿಯಮ ಮಾಡಿದೆವು. ಕಾರಣ ಬರೆಯದ ಹೆಸರು ಪಟ್ಟಿಗಿಲ್ಲ. 'ತುಂಬ ಚೆನ್ನಾಗಿದೆ' ಎಂಬುದು ಕಾರಣವಲ್ಲ. ಯಾವ ಭಾಗ ನಿಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಒಂದು ಸಾಲು ಬೇಕು. ಪಕ್ಕದಲ್ಲಿ ಎಷ್ಟು ಪುಟ, ಸಿನಿಮಾ ಆದರೆ ಎಷ್ಟು ನಿಮಿಷ. ದಪ್ಪ ಕಾದಂಬರಿಯೊಂದರ ಮುಂದೆ ಒಬ್ಬ ಸದಸ್ಯೆ, 'ಮೊದಲ 60 ಪುಟ ನಿಧಾನ, ತಾಯಿ ಮನೆ ಬಿಡುವ ಅಧ್ಯಾಯದವರೆಗೆ ತಾಳಿಕೊಳ್ಳಿ' ಎಂದು ಬರೆದರು. ಆ ತಿಂಗಳು ನಾಲ್ವರು ಅದನ್ನೇ ಓದಿದರು.

ಕತೆ ಓದಿ ಅದರ ಸಿನಿಮಾ ನೋಡುವುದು ನಮಗೆಲ್ಲ ಪ್ರಿಯವಾದ ಕ್ರಮ. ಅದರಲ್ಲಿ ನಾನೇ ಒಮ್ಮೆ ಎಡವಿದೆ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1950ರಲ್ಲಿ ಮಾಡಿದ 'ರಾಶೊಮೊನ್' ನೋಡುವ ಮುನ್ನ ಅಲ್ಲಿನದೇ ಕತೆಗಾರ ಅಕುತಗಾವಾ ಬರೆದ ಅದೇ ಹೆಸರಿನ ಕತೆ ಓದಿ ಎಂದುಬಿಟ್ಟೆ. ಓದಿದವರಿಗೆ ಅಲ್ಲಿ ಸಿನಿಮಾದ ಕೊಲೆಯೂ ಸಿಗಲಿಲ್ಲ, ವಿಚಾರಣೆಯೂ ಸಿಗಲಿಲ್ಲ. ಸಿನಿಮಾ ಆ ಕತೆಯಿಂದ ಪಡೆದದ್ದು ಮುಖ್ಯವಾಗಿ ಹೆಸರು ಮತ್ತು ಮಳೆಯಲ್ಲಿ ನಿಂತ ಪಾಳುಬಿದ್ದ ಹೆಬ್ಬಾಗಿಲು. ಕಥಾವಸ್ತು ಬಂದದ್ದು ಅಕುತಗಾವಾ ಅವರದೇ 1922ರ 'ಇನ್ ಎ ಗ್ರೋವ್' ಕತೆಯಿಂದ. ಮುಂದಿನ ಸಭೆಗೆ ಎರಡನ್ನೂ ಓದಿಕೊಂಡು ಬಂದೆವು. 'ಇನ್ ಎ ಗ್ರೋವ್' ಕತೆಯಲ್ಲಿ ಒಂದು ಕೊಲೆಯ ಬಗ್ಗೆ ಏಳು ಜನರ ಹೇಳಿಕೆಗಳಿವೆ, ಶವವನ್ನು ಕಂಡ ಸೌದೆ ಕಡಿಯುವವನು ಮಾತಾಡುವುದು ಒಮ್ಮೆ ಮಾತ್ರ. ಸಿನಿಮಾ ಅವನಿಗೆ ಎರಡನೆಯ ಹೇಳಿಕೆಯನ್ನೂ ಕೊಡುತ್ತದೆ. ಅದು ಬೇಕಿತ್ತೇ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಸಭೆ ನಡೆಯಿತು. ಬೇಡವಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಯಾರ ಮಾತು ನಿಜವೆಂದು ತಿಳಿಯದೆ ಪುಸ್ತಕ ಮುಚ್ಚುವ ಆ ಕಸಿವಿಸಿಯೇ ಕತೆಯ ಜೀವ.

ಸಭೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಜೂಮ್‌ನ ಉಚಿತ ಖಾತೆಯ 40 ನಿಮಿಷದೊಳಗೇ ಮುಗಿಸುತ್ತೇವೆ. ಪರದೆಯ ಮೇಲೆ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗುತ್ತಾರೆ. ಹಾಗಾಗಿ ಸರದಿಯನ್ನು ಮೊದಲೇ ಹಂಚಿರುತ್ತೇನೆ. ಮಾತು ಬೇಡವೆನಿಸಿದವರು 'ಮುಂದಿನವರು' ಎಂದರೆ ಸಾಕು.

ಈಚೆಗೆ ಪಟ್ಟಿಯಲ್ಲಿ ಇನ್ನೊಂದು ಅಂಕಣ ಸೇರಿದೆ: ಓದಿದವರ ಉತ್ತರ. ಪ್ರತಿ ಸಲ 'ಮುಂದಿನವರು' ಎನ್ನುವ ಸದಸ್ಯರೊಬ್ಬರು ಕಳೆದ ವಾರ ಆ ದಪ್ಪ ಕಾದಂಬರಿಯ ಎದುರು ಹೀಗೆ ಬರೆದಿದ್ದರು: 'ನನ್ನನ್ನು ಹಿಡಿದದ್ದು ಆ ನಿಧಾನದ 60 ಪುಟಗಳೇ.'