ಅಕೌಸ್ಟಿಕ್ ಗಿಟಾರಿಗೆ ಡಿಸ್ಟಾರ್ಷನ್: ಎರಡು ಲೈನ್ ಮಾಡಿ ಗೆದ್ದ ನನ್ನ ಅನುಭವ

ಅಕೌಸ್ಟಿಕ್ ಗಿಟಾರಿಗೆ ಡಿಸ್ಟಾರ್ಷನ್ (ರಾಕ್ ಗಿಟಾರಿನ ಆ ಒರಟು, ಒಡೆದ ದನಿ) ಹಾಕಿದರೆ ಸ್ಪೀಕರ್ ಕೂಗುತ್ತದೆ, ಅಷ್ಟೇ ಎಂದು ನನಗೆ ಹೇಳದ ಸೌಂಡಿನವರು ಕಾರವಾರದಿಂದ ಕುಮಟಾವರೆಗೆ ಯಾರೂ ಉಳಿದಿಲ್ಲ. "ಡಿಐ ಬಾಕ್ಸಿಗೆ ಹಾಕಿ ಸುಮ್ನೆ ಬಾರ್ಸು ಮಾರಾಯ, ಆ ಸೌಂಡೇ ಬೇಕಾದ್ರೆ ಎಲೆಕ್ಟ್ರಿಕ್ ತಗೋ" ಅಂದವರೇ ಎಲ್ಲ. ಡಿಐ ಅಂದರೆ ಗಿಟಾರಿನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಪೆಟ್ಟಿಗೆ. ಈಗ ವರ್ಷಕ್ಕೂ ಮೇಲಾಯಿತು, ಗೋಕರ್ಣದ ರೆಸಾರ್ಟುಗಳಲ್ಲಿ, ಮದುವೆ ರಿಸೆಪ್ಷನ್ನುಗಳಲ್ಲಿ ಇದೇ ಸೆಟಪ್ಪಿನಲ್ಲಿ ಬಾರಿಸುತ್ತಿದ್ದೇನೆ. ವೇದಿಕೆಯ ಮೇಲೆ ನಾನು, ಕಹೋನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ) ಬಾರಿಸುವ ಗೆಳೆಯ, ಇಬ್ಬರೇ. ಪಲ್ಲವಿಗೆ ಬಂದು ಪೆಡಲ್ ಒತ್ತಿದೆನೆಂದರೆ ಎದುರಿನವರು ಎರಡನೇ ಗಿಟಾರಿನವನು ಎಲ್ಲಿ ಎಂದು ಹುಡುಕುತ್ತಾರೆ.

ಗಿಟಾರ್ ಮಾಮೂಲಿ ದೊಡ್ಡ ಬಾಡಿಯ ಡ್ರೆಡ್‌ನಾಟ್, ತಂತಿ ಕೂರುವ ಸ್ಯಾಡಲ್ ಕೆಳಗೆ ಪೀಜೋ (ಕಂಪನ ಹಿಡಿಯುವ ಪಿಕಪ್), ಒಳಗೆ ಸಿಗ್ನಲ್ ಏರಿಸುವ ಪ್ರೀಆಂಪ್. ಸಿಗ್ನಲನ್ನು ಎರಡು ದಾರಿ ಮಾಡಿ ಮತ್ತೆ ಸೇರಿಸುವ ಪೆಡಲ್, ಬಾಸ್ (Boss) ಕಂಪನಿಯ ಎಲ್‌ಎಸ್-2. ಅದರಲ್ಲಿ ಎ ಲೂಪ್ ಕ್ಲೀನ್ (ಗಿಟಾರಿನ ಮೂಲ ದನಿ), ಬಿ ಲೂಪ್ ಡರ್ಟಿ (ಡಿಸ್ಟಾರ್ಷನ್ ಹಾಕಿದ ದನಿ), ಎ+ಬಿ ಮಿಕ್ಸ್. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ಕ್ಲೀನ್, ಎಷ್ಟು ಡರ್ಟಿ ಎಂದು ನಾಬ್ ತಿರುಗಿಸುತ್ತಾ ಕೂತವರು ಅಲ್ಲೇ ಸಿಕ್ಕಿಬೀಳುತ್ತಾರೆ. ಡರ್ಟಿ ಲೈನಿನೊಳಗೆ ಏನನ್ನು ಬಿಡಬಾರದು ಎಂಬುದು ಮೊದಲು ತೀರ್ಮಾನವಾಗಬೇಕು.

ಅದಕ್ಕೂ ಮುಂಚೆ ದುಡ್ಡು ಹೋದ ಕಥೆ. ಮಡಗಾಂವಿಗೆ ರೈಲು ಹತ್ತಿ ಹೋಗಿ ಸೆಕೆಂಡ್‌ಹ್ಯಾಂಡ್ ಮಲ್ಟಿ-ಎಫೆಕ್ಟ್ಸ್ (ಹಲವು ಪೆಡಲುಗಳ ಕೆಲಸ ಮಾಡುವ ಡಿಜಿಟಲ್ ಪೆಟ್ಟಿಗೆ) ಒಂದನ್ನು ಒಂಬತ್ತು ಸಾವಿರದ ಸುಮಾರಿಗೆ ತಂದಿದ್ದೆ. ಅದನ್ನು ಡರ್ಟಿ ಲೂಪಿಗೆ ಹಾಕಿದರೆ ದನಿ ಟೊಳ್ಳು. ಅದರೊಳಗೆ ಸಿಗ್ನಲ್ ಒಂದೆರಡು ಮಿಲಿಸೆಕೆಂಡ್ ತಡವಾಗುತ್ತದೆ. ಒಂಟಿಯಾಗಿ ಬಾರಿಸುವಾಗ ಗೊತ್ತೇ ಆಗದು. ತಡವಿಲ್ಲದ ಕ್ಲೀನ್ ಜೊತೆ ಸೇರಿಸಿದ ಕೂಡಲೇ, 2 ಮಿಲಿಸೆಕೆಂಡ್ ತಡವಿದ್ದರೆ 250 ಹರ್ಟ್ಸಿನ ಹತ್ತಿರ, ಮತ್ತೆ 750ರ ಹತ್ತಿರ, ಹೀಗೆ ಸಾಲಾಗಿ ದನಿ ಸತ್ತುಹೋಗುತ್ತದೆ. ಐದೂವರೆ ಸಾವಿರಕ್ಕೆ ಮಾರಿದೆ. ಬ್ಲೆಂಡ್ ಮಾಡುವವರು ಡರ್ಟಿ ಕಡೆ ಅನಲಾಗ್ ಪೆಡಲನ್ನೇ ಇಡಿ.

ಅನಲಾಗ್ ಡ್ರೈವ್ (ಡಿಸ್ಟಾರ್ಷನ್ ಕೊಡುವ ಪೆಡಲ್) ತಂದ ಮೇಲೂ ಕಾಟ ತಪ್ಪಲಿಲ್ಲ. ಎರಡೂ ಲೈನ್ ಒಟ್ಟಿಗೆ ಬಿಟ್ಟರೆ ದನಿ ದಪ್ಪಗಾಗುವ ಬದಲು ಸಣಕಲಾಯಿತು, ಎಲ್ಲಕ್ಕಿಂತ ದಪ್ಪ ತಂತಿಯಾದ ಲೋ ಇ ಸ್ಟ್ರಿಂಗಿನ ತೂಕವೇ ಮಾಯ. ಕೆಲವು ಪೆಡಲುಗಳು ಸಿಗ್ನಲನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ಆಗ ಕ್ಲೀನ್ ಮೇಲೆ ಹೋಗುವಾಗ ಡರ್ಟಿ ಕೆಳಗಿಳಿಯುತ್ತದೆ, ಕೆಳಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಪರೀಕ್ಷೆ ಸುಲಭ: ಡ್ರೈವಿನ ಗೇನ್ (ಎಷ್ಟು ಒಡೆಯಬೇಕೆಂಬ ನಾಬ್) ಪೂರ್ತಿ ಇಳಿಸಿ, ಎರಡೂ ಲೈನ್ ಸಮ ಮಾಡಿ, ಲೋ ಇ ಮೀಟಿ. ಒಂದೇ ಲೈನಿಗಿಂತ ಎರಡು ಸೇರಿ ತೆಳುವಾದರೆ ಅದೇ ರೋಗ. ಕಾರವಾರದಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋಗಿ ಒಂದು ಟಿಎಲ್072 (ಆಪ್-ಆಂಪ್ ಚಿಪ್), ಎರಡು 10ಕೆ ರೆಸಿಸ್ಟರ್ ಹಾಕಿ, ಸಿಗ್ನಲನ್ನು ಮತ್ತೆ ತಿರುಗಿಸಿ ನೆಟ್ಟಗೆ ಮಾಡುವ ಇನ್ವರ್ಟಿಂಗ್ ಸ್ಟೇಜ್ ಮಾಡಿಸಿದೆ. ಅವರು ಗಿಟಾರ್ ಮುಟ್ಟಿದವರಲ್ಲ, ಆದರೆ ವಿಷಯ ಹೇಳಿದ ಕೂಡಲೇ ಕಾಗದದ ಮೇಲೆ ಸರ್ಕ್ಯೂಟ್ ಬರೆದರು. ಡಬ್ಬಿ, ಜಾಕು ಎಲ್ಲ ಸೇರಿ ಮುನ್ನೂರು ರೂಪಾಯಿಯ ಆಸುಪಾಸು. ಡ್ರೈವ್ ಪೆಡಲಿನ ಔಟಿಗೆ ಅದನ್ನು ಸಿಕ್ಕಿಸಿದ ದಿನ ಗಿಟಾರಿನ ಹೊಟ್ಟೆ ವಾಪಸ್ ಬಂತು.

ಇನ್ನು ಈಕ್ಯೂ, ಅಂದರೆ ದನಿಯ ಬೇರೆಬೇರೆ ಆವರ್ತನಗಳನ್ನು ಏರಿಳಿಸುವುದು. ಇಡೀ ಆಟ ಇರುವುದು ಇಲ್ಲೇ. ಪೀಜೋದ ಪಿಕ್ ತಾಗುವ ಸದ್ದು ಹಾಗೇ ಡ್ರೈವಿಗೆ ಹೋದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಹಾಗಾಗಿ ಸಿಗ್ನಲ್ ಡ್ರೈವಿಗೆ ಹೋಗುವ ಮೊದಲೇ ಏಳು ಬ್ಯಾಂಡಿನ ಈಕ್ಯೂ ಪೆಡಲ್ ಜಿಇ-7. 100 ಮತ್ತು 200 ಹರ್ಟ್ಸ್ ಪೂರ್ತಿ ಕೆಳಗೆ, 400 ಸ್ವಲ್ಪ ಕೆಳಗೆ, 800 ಒಂಚೂರು ಮೇಲೆ, 3.2ಕೆ ಅರ್ಧ ಕೆಳಗೆ, 6.4ಕೆ ಪೂರ್ತಿ ಕೆಳಗೆ. ಡ್ರೈವಿನ ಟೋನ್ ನಾಬ್ ಗಡಿಯಾರದ ಒಂಬತ್ತು ಗಂಟೆಯ ಕಡೆಗೆ. ಡರ್ಟಿ ಲೈನನ್ನು ಒಂದೇ ಕೇಳಿದರೆ ಮೂಗು ಹಿಡಿದು ಹಾಡಿದಂತೆ ಕೆಟ್ಟದಾಗಿಯೇ ಕೇಳಬೇಕು. ಚೆನ್ನಾಗಿ ಕೇಳಿಸಿದರೆ ಕ್ಲೀನ್ ಜೊತೆ ಜಗಳ ಗ್ಯಾರಂಟಿ. ಈಕ್ಯೂಗೂ ಡ್ರೈವಿಗೂ ನಡುವೆ ಇನ್ನೊಂದು ಚಿಕ್ಕ ಸಾಮಾನು ಇಟ್ಟಿದ್ದೇನೆ. ಅದೂ, ಡ್ರೈವ್ ಯಾವುದು ಎಂಬುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

200 ಇಳಿಸಿದ್ದರಿಂದ ಕೂಗೂ ಮುಕ್ಕಾಲು ನಿಂತಿತು. ಓಪನ್ ಜಿ 196 ಹರ್ಟ್ಸ್, ನನ್ನ ಗಿಟಾರಿನ ಬಾಡಿ ಕೂಗುವುದೂ ಅಲ್ಲೇ. ಉಳಿದ ಕಾಲು ಭಾಗಕ್ಕೆ ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ. ಮಾನಿಟರ್ (ಬಾರಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್) ಇರುವ ವೇದಿಕೆಯಾದರೆ ಡರ್ಟಿ ಲೈನನ್ನು ಎಲ್‌ಎಸ್-2ಕ್ಕೆ ವಾಪಸ್ ತರದೆ ಬೇರೆ ಡಿಐಗೆ ಕೊಡುತ್ತೇನೆ. ಮಾನಿಟರಿಗೆ ಬರೀ ಕ್ಲೀನ್, ಡರ್ಟಿ ಹೊರಗಿನ ಸ್ಪೀಕರಿಗೆ ಮಾತ್ರ. ಸೌಂಡಿನವರಿಗೆ ಇದನ್ನು ಮೊದಲೇ ಎರಡು ಸಲ ಹೇಳಿಡಬೇಕು.

ಕರಾವಳಿಯ ಉಪ್ಪುಗಾಳಿಗೆ ಫಾಸ್ಫರ್ ಬ್ರಾಂಜ್ ತಂತಿ ಬೇಗ ಮಂಕಾಗುತ್ತದೆ ಎಂದು ನಾವೆಲ್ಲ ಗೊಣಗುತ್ತೇವೆ. ಈ ಸೆಟಪ್ಪಿಗೆ ಅದೇ ವರ. ಹೊಸ ತಂತಿಯಲ್ಲಿ ಡರ್ಟಿ ಕಿರುಚುತ್ತದೆ, ವಾರ ಕಳೆದ ತಂತಿಯಲ್ಲಿ ಮೆತ್ತಗೆ ಕೂರುತ್ತದೆ. ಕಾರ್ಯಕ್ರಮದ ಹಿಂದಿನ ದಿನ ತಂತಿ ಬದಲಿಸುವುದನ್ನು ಬಿಟ್ಟೇಬಿಟ್ಟಿದ್ದೇನೆ.

ಪಣಜಿಯ ಗೆಳೆಯನಿಂದ ಸೌಂಡ್‌ಹೋಲಿಗೆ ಹಾಕುವ ಮ್ಯಾಗ್ನೆಟಿಕ್ ಪಿಕಪ್ ಎರವಲು ತಂದು ಡರ್ಟಿಗೆ ಅದನ್ನೇ ಕೊಟ್ಟು ನೋಡಿದೆ. ಕೂಗು ಬಹಳ ಕಡಿಮೆ. ಆದರೆ ಬ್ರಾಂಜ್ ಸುತ್ತನ್ನು ಅಯಸ್ಕಾಂತ ಗುರುತಿಸದು, ಒಳಗಿನ ಉಕ್ಕಿನ ಎಳೆ ಮಾತ್ರ ಲೆಕ್ಕಕ್ಕೆ. ಹಾಗಾಗಿ ಬಿ ಮತ್ತು ಹೈ ಇ ಒದರುತ್ತವೆ, ದಪ್ಪ ತಂತಿಗಳು ಹಿಂದೆ ಬೀಳುತ್ತವೆ. ಪೋಲ್‌ಪೀಸ್ (ಪ್ರತಿ ತಂತಿಯ ಕೆಳಗಿನ ಲೋಹದ ತುಂಡು) ಏರಿಳಿಸಲು ಬರುವಂಥದ್ದು ಸಿಕ್ಕರೆ ಮತ್ತೆ ಕೈ ಹಾಕುವವನೇ. ಡರ್ಟಿ ಲೈನಿನಲ್ಲಿ ಆಕ್ಟೇವ್ ಪೆಡಲ್ (ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸುವಂಥದ್ದು) ಇಟ್ಟೂ ನೋಡಿದೆ: ಕಾರ್ಡ್ ಬಾರಿಸಿದರೆ ಗೊಂದಲ, ದಪ್ಪನೆಯ ಎರಡು ತಂತಿಯಲ್ಲಿ ಒಂಟಿ ಸ್ವರಕ್ಕೆ ಮಾತ್ರ ಬೇಸ್ ಗಿಟಾರ್ ಬಂದು ಕೂತಂತೆ.

ಖರ್ಚು ನೆನಪಿದ್ದಷ್ಟು: ಸೆಕೆಂಡ್‌ಹ್ಯಾಂಡ್ ಎಲ್‌ಎಸ್-2 ಆರೂವರೆ ಸಾವಿರ, ಜಿಇ-7 ಐದರ ಹತ್ತಿರ, ಡ್ರೈವ್ ಮೂರು, ಆ ಮುನ್ನೂರರ ಡಬ್ಬಿ. ಪವರಿಗೆ ಒಂದೇ ಅಡಾಪ್ಟರಿನಿಂದ ಎಲ್ಲಕ್ಕೂ ಎಳೆದರೆ ಹಮ್ (ಗುಂಯ್ ಎನ್ನುವ ಸದ್ದು) ಬರಬಹುದು. ನಾನು ಡರ್ಟಿ ಕಡೆಯದನ್ನೆಲ್ಲ 9 ವೋಲ್ಟಿನ ಬ್ಯಾಟರಿಯಲ್ಲೇ ಓಡಿಸುತ್ತೇನೆ, ಎರಡು ಬ್ಯಾಟರಿ ಯಾವಾಗಲೂ ಚೀಲದಲ್ಲಿ ಹೆಚ್ಚಿಗೆ ಇರುತ್ತವೆ.